ಬಂಡೆಯ ಮೇಲಿನ ಮನೆಗೂ ಮಳೆ ಬರುತ್ತದೆ



ಬೆಟ್ಟ ಹತ್ತಿ ಬಂದಿದ್ದೀರಿ. ಮೊಣಕಾಲು ನೋಯುತ್ತಿರಬಹುದು. ಮಕ್ಕಳು ನೀರು ಕೇಳುತ್ತಿರಬಹುದು. ಮೊದಲು ನೆರಳಲ್ಲಿ ಕೂತು ಸುಧಾರಿಸಿಕೊಳ್ಳಿ. ಮೇಣದಬತ್ತಿ ಹಚ್ಚಿ, ಮಾತೆಯ ಮುಂದೆ ಕೈಮುಗಿದು, ನಿಮ್ಮ ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಕೊಳ್ಳಿ. ಆಮೇಲೆ ಬಿಡುವಾದಾಗ ಈ ನಾಲ್ಕು ಪುಟ ಓದಿ. ಇಲ್ಲಿ ಓದಲು ಆಗದಿದ್ದರೆ ಬಸ್ಸಿನಲ್ಲಿ ಓದಬಹುದು, ಮನೆಯಲ್ಲಿ ಓದಬಹುದು. ನಿಜ ಹೇಳಬೇಕೆಂದರೆ ಇದು ಬೆಟ್ಟ ಇಳಿದ ಮೇಲೆ ಬೇಕಾಗುವ ಮಾತು.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಬಲಿಪೂಜೆ ಮುಗಿದ ಮೇಲೆ ನನ್ನ ಹತ್ತಿರ ಬಂದರು. ಕೈಯಲ್ಲಿ ಒಂದು ಊಟದ ಕ್ಯಾರಿಯರ್ ಇತ್ತು. ಆಶೀರ್ವಾದ ಕೇಳಲು ಬಂದಿದ್ದಾರೆ ಅಂದುಕೊಂಡೆ. ಆದರೆ ಅವರು ಕೇಳಿದ್ದು ಒಂದು ಪ್ರಶ್ನೆ. "ಸ್ವಾಮಿ, ಏಳು ವರ್ಷ ಒಂದ್ಸಲಾನೂ ತಪ್ಪಿಸದೆ ಈ ಬೆಟ್ಟ ಹತ್ತಿದೀನಿ. ಉಪವಾಸ ಬಿಟ್ಟಿಲ್ಲ, ಜಪಸರ ಬಿಟ್ಟಿಲ್ಲ. ಆದ್ರೂ ನನ್ ಮಗ ಉಳೀಲಿಲ್ಲ. ನಿನ್ ನಂಬಿಕೆ ಗಟ್ಟಿ ಇರ್ಲಿಲ್ಲ, ಅದಕ್ಕೇ ಹಿಂಗಾಯ್ತು ಅಂತಾರೆ ಜನ. ಹೌದಾ ಸ್ವಾಮಿ? ನನ್ ನಂಬಿಕೆ ಕಮ್ಮಿ ಇತ್ತಾ?"

ನಾನು ಏನೋ ಹೇಳಿದೆ. "ದೇವರ ಚಿತ್ತಮ್ಮ, ಸಮಾಧಾನ ಮಾಡ್ಕೊಳ್ಳಿ" ಅಂದಿರಬೇಕು. ಎಲ್ಲರೂ ಹೇಳುವ ಮಾತು. ಅದು ಆಕೆಯ ಪ್ರಶ್ನೆಗೆ ಉತ್ತರವಾಗಿರಲಿಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ಈ ಬರಹ ಆ ತಾಯಿಗೆ ಅಂದು ನಾನು ಕೊಡಬೇಕಾಗಿದ್ದ ಉತ್ತರ. ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರು ಅದೇ ಪ್ರಶ್ನೆಯನ್ನು ಯಾರಿಗೂ ಹೇಳದೆ ಹೊತ್ತುಕೊಂಡು ಈ ಮೆಟ್ಟಿಲು ಹತ್ತಿರಬಹುದು.

ಎರಡು ಮನೆಗಳ ಕತೆ

ಯೇಸುಸ್ವಾಮಿ ಹೇಳಿದ ಎರಡು ಮನೆಗಳ ಕತೆ ನಮಗೆಲ್ಲ ಗೊತ್ತು. ಸಂತ ಮತ್ತಾಯನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿದೆ, ಸಂತ ಲೂಕನ ಆರನೆಯ ಅಧ್ಯಾಯದಲ್ಲೂ ಇದೆ. ಜಾಣನೊಬ್ಬ ಬಂಡೆಯ ಮೇಲೆ ಮನೆ ಕಟ್ಟಿದ. ದಡ್ಡನೊಬ್ಬ ಮರಳಿನ ಮೇಲೆ ಕಟ್ಟಿದ. ಮಳೆ ಬಂತು, ಹೊಳೆ ಉಕ್ಕಿತು, ಗಾಳಿ ಬೀಸಿತು. ಒಂದು ಮನೆ ನಿಂತಿತು, ಇನ್ನೊಂದು ಬಿತ್ತು.

ಉಪದೇಶತರಗತಿಯಲ್ಲಿ ಕಲಿತ ಕತೆಯಾದ್ದರಿಂದ ನಾವು ಇದನ್ನು ಬೇಗ ಬೇಗ ಓದಿ ಮುಗಿಸುತ್ತೇವೆ. ಆ ಅವಸರದಲ್ಲಿ ಒಂದು ಮಾತು ಕಣ್ಣು ತಪ್ಪಿಹೋಗುತ್ತದೆ. ಮಳೆ ಎರಡು ಮನೆಗಳ ಮೇಲೂ ಬಂತು. ಬಂಡೆಯ ಮೇಲೆ ಕಟ್ಟಿದವನ ಅಂಗಳಕ್ಕೆ ಮಾತ್ರ ಬಿಸಿಲು ಅಂತ ಯೇಸುಸ್ವಾಮಿ ಹೇಳಲಿಲ್ಲ. ಮತ್ತಾಯನು ಆ ಬಿರುಗಾಳಿಯನ್ನು ಎರಡು ಸಲ ವರ್ಣಿಸುತ್ತಾನೆ. ಎರಡು ಸಲವೂ ಅದೇ ಮಳೆ, ಅದೇ ಹೊಳೆ, ಅದೇ ಗಾಳಿ.

ಯೇಸುಸ್ವಾಮಿಗೆ ಮನೆ ಕಟ್ಟುವುದೆಂದರೆ ಏನೆಂದು ಗೊತ್ತಿತ್ತು. ನಾವು ಅವರನ್ನು ಬಡಗಿ ಅನ್ನುತ್ತೇವೆ. ಮೂಲ ಗ್ರೀಕ್ ಶುಭಸಂದೇಶದಲ್ಲಿರುವ ಪದ ಮರಗೆಲಸದವನಿಗೆ ಮಾತ್ರವಲ್ಲ, ಮನೆ ಕಟ್ಟುವ ಕೆಲಸದವನಿಗೂ ಸಲ್ಲುತ್ತದೆ. ಅವರು ಹುಟ್ಟಿ ಬೆಳೆದ ನಾಡಿನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯ ತಿಂಗಳುಗಳಲ್ಲಿ ಹಳ್ಳಗಳೆಲ್ಲ ಒಣಗಿ ನೆಲ ಗಟ್ಟಿಯಾಗಿ ಕಾಣುತ್ತದೆ. ಸಮತಟ್ಟಾದ ಜಾಗ, ಅಗೆಯುವ ಕಷ್ಟವಿಲ್ಲ. ಅಲ್ಲಿ ಮನೆ ಕಟ್ಟಿದವನು ಬೇಸಿಗೆ ಪೂರ್ತಿ ಸುಖವಾಗಿಯೇ ಇರುತ್ತಾನೆ. ಮಳೆಗಾಲ ಬಂದಾಗ ಒಣಹಳ್ಳದಲ್ಲಿ ಇದ್ದಕ್ಕಿದ್ದಂತೆ ನೀರು ನುಗ್ಗುತ್ತದೆ.

ನಮಗೇನೂ ಇದು ಅಪರಿಚಿತವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಕೋಟಿಗಟ್ಟಲೆ ಬೆಲೆಬಾಳುವ ಮನೆಗಳ ಒಳಗೆ ನೀರು ನುಗ್ಗಿತು. ಕಾರುಗಳು ಮುಳುಗಿದವು. ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ ಕೂರಿಸಿ ಹೊರಗೆ ತಂದರು. ಆ ಮನೆಗಳಿಗೆ ಹಾಕಿದ ಸಿಮೆಂಟು ಕಳಪೆ ಅಂತ ಯಾರೂ ಹೇಳಲಿಲ್ಲ. ಕೆರೆಯಂಗಳ, ರಾಜಕಾಲುವೆ, ನೀರು ಹರಿಯುವ ದಾರಿ ಎಲ್ಲಿತ್ತು ಅನ್ನುವುದನ್ನು ಊರು ಮರೆತಿತ್ತು. ನೀರು ಮರೆತಿರಲಿಲ್ಲ.

ನಮ್ಮ ಧರ್ಮಕೇಂದ್ರದಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದರು. ಅವರು ಹೇಳುತ್ತಿದ್ದರು: "ಸ್ವಾಮಿ, ಪಾಯಕ್ಕೆ ದುಡ್ಡು ಹಾಕೋಕೆ ಜನಕ್ಕೆ ಮನಸ್ಸೇ ಬರಲ್ಲ. ಅದು ಮಣ್ಣೊಳಗೆ ಹೋಗುತ್ತೆ, ನೆಂಟರಿಗೆ ಕಾಣಲ್ಲ. ಗೃಹಪ್ರವೇಶಕ್ಕೆ ಬಂದೋರು ಟೈಲ್ಸ್ ನೋಡ್ತಾರೆ, ಬಣ್ಣ ನೋಡ್ತಾರೆ. ಪಾಯ ಎಷ್ಟಡಿ ಅಂತ ಯಾರಾದ್ರೂ ಕೇಳ್ತಾರಾ?" ಎರೆಮಣ್ಣಿನ ಸೀಮೆಯಲ್ಲಿ ಕೆಲಸ ಮಾಡಿದವರು ಅವರು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಮೇಲೆ ಮೇಲೆ ಪಾಯ ಹಾಕಿದರೆ ಎರಡು ಮೂರು ವರ್ಷದಲ್ಲಿ ಗೋಡೆ ಬಿರುಕು ಬಿಡುತ್ತದೆ. ಗಟ್ಟಿ ನೆಲ ಸಿಗುವವರೆಗೆ ತೋಡಬೇಕು, ಬೇರೆ ದಾರಿ ಇಲ್ಲ ಅನ್ನುತ್ತಿದ್ದರು. ಸಂತ ಲೂಕನೂ ಇದನ್ನೇ ಬರೆದಿದ್ದಾನೆ. ಜಾಣನು ಬಂಡೆಯನ್ನು ಮೇಲೆಯೇ ಕಂಡು ಕಟ್ಟಿದವನಲ್ಲ, ಆಳವಾಗಿ ಅಗೆದು ಬಂಡೆಯನ್ನು ಮುಟ್ಟಿದವನು.

ಕೇಳುವುದು ಬೆಟ್ಟದ ಮೇಲೆ, ಕಟ್ಟುವುದು ಕೆಳಗೆ

ಹಾಗಾದರೆ ಆ ಬಂಡೆ ಯಾವುದು? "ನಂಬಿಕೆ" ಅಂತ ನಾವು ಥಟ್ಟನೆ ಉತ್ತರ ಕೊಡುತ್ತೇವೆ. ತಪ್ಪಲ್ಲ. ಆದರೆ ಯಾವ ನಂಬಿಕೆ? ಯೇಸುಸ್ವಾಮಿ ಇಬ್ಬರ ನಡುವೆ ತೋರಿಸುವ ವ್ಯತ್ಯಾಸವನ್ನು ಗಮನಿಸಿ. ಒಬ್ಬ ಅವರ ಮಾತು ಕೇಳಿದವನು, ಇನ್ನೊಬ್ಬ ಕೇಳದವನು ಅಂತಲ್ಲ. ಇಬ್ಬರೂ ಕೇಳಿದವರೇ! ಇಬ್ಬರೂ ಇದೇ ಬೆಟ್ಟ ಹತ್ತಿದವರು, ಇದೇ ಪ್ರಬೋಧನೆಗೆ ತಲೆದೂಗಿದವರು ಅಂದುಕೊಳ್ಳಿ. ಒಬ್ಬ ಕೇಳಿದಂತೆ ನಡೆದ, ಒಬ್ಬ ಕೇಳಿ ಸುಮ್ಮನಾದ. ಅಷ್ಟೇ ವ್ಯತ್ಯಾಸ.

ಈ ಕತೆ ಬರುವ ಜಾಗವನ್ನೂ ನೋಡಿ. ಯೇಸುಸ್ವಾಮಿ ಬೆಟ್ಟ ಹತ್ತಿ ಕುಳಿತು ಮಾಡಿದ ದೀರ್ಘ ಉಪದೇಶ ಮತ್ತಾಯನ ಐದು, ಆರು, ಏಳನೆಯ ಅಧ್ಯಾಯಗಳಲ್ಲಿದೆ. ಆ ಉಪದೇಶದ ಕಟ್ಟಕಡೆಯ ಮಾತೇ ಈ ಎರಡು ಮನೆಗಳ ಕತೆ. ಜನ ಎದ್ದು ಬಟ್ಟೆ ಕೊಡವಿಕೊಂಡು ಮನೆಗೆ ಹೊರಡುವ ಹೊತ್ತಿನಲ್ಲಿ ಹೇಳಿದಂತಿದೆ. ಕೇಳಿದ್ದು ಬೆಟ್ಟದ ಮೇಲೆ. ಕಟ್ಟಬೇಕಾದದ್ದು ಕೆಳಗೆ, ಊರಿನಲ್ಲಿ, ಬೀದಿಯಲ್ಲಿ, ಅಡುಗೆಮನೆಯಲ್ಲಿ.

ಏನು ಕಟ್ಟಬೇಕೆಂದು ಅದೇ ಉಪದೇಶದಲ್ಲಿ ಹೇಳಿದ್ದಾರೆ. ಕಾಣಿಕೆ ಕೊಡಲು ಬಂದವನಿಗೆ ತನ್ನ ಅಣ್ಣತಮ್ಮನ ಜೊತೆ ಮನಸ್ತಾಪವಿರುವುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಇಟ್ಟು ಮೊದಲು ಹೋಗಿ ರಾಜಿಯಾಗಬೇಕು. ದಾನ ಮಾಡುವಾಗ ತಮಟೆ ಹೊಡೆಸಬಾರದು. ಹೌದು ಅಂದರೆ ಹೌದಾಗಿರಬೇಕು. ಬೇರೆಯವರ ಕಣ್ಣಿನ ಕಸ ಹುಡುಕುವ ಮೊದಲು ನಮ್ಮ ಕಣ್ಣಿನ ತೊಲೆ ತೆಗೆಯಬೇಕು. ವೈರಿಗಾಗಿ ಪ್ರಾರ್ಥಿಸಬೇಕು. ನೋಡಿ, ಇವು ಯಾವುವೂ ಮಳೆ ಬಂದ ದಿನ ಶುರು ಮಾಡುವ ಕೆಲಸಗಳಲ್ಲ. ಇವು ಬಿಸಿಲು ದಿನಗಳಲ್ಲಿ, ಯಾರೂ ನೋಡದಿರುವಾಗ, ಒಂದೊಂದೇ ಕಲ್ಲಾಗಿ ಮಣ್ಣೊಳಗೆ ಇಡುವ ಪಾಯ.

ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಜಮೀನಿನ ಗಡಿಯ ವಿಷಯಕ್ಕೆ ತಮ್ಮನ ಜೊತೆ ಮಾತು ಬಿಟ್ಟು ಹತ್ತು ವರ್ಷವಾಗಿರುತ್ತದೆ. ವರ್ಷಕ್ಕೊಮ್ಮೆ ಇಬ್ಬರೂ ಇದೇ ಬೆಟ್ಟ ಹತ್ತುತ್ತಾರೆ, ಒಬ್ಬ ಶುಕ್ರವಾರ, ಇನ್ನೊಬ್ಬ ಶನಿವಾರ. ಮುಖ ನೋಡಬಾರದಲ್ಲ! ಮೆಟ್ಟಿಲು ಎಷ್ಟು ಹತ್ತಿದರೂ ಅಲ್ಲಿ ಪಾಯ ಒಂದು ಅಡಿಯೂ ಇಳಿದಿರುವುದಿಲ್ಲ. ಹರಕೆ ಬೇಡ ಅಂತ ನಾನು ಹೇಳುತ್ತಿಲ್ಲ. ಹರಕೆ ಹೊತ್ತು ಬರುವ ಭಕ್ತಿ ದೊಡ್ಡದು. ಆದರೆ ಹರಕೆ ಪಾಯದ ಜಾಗದಲ್ಲಿ ಕೂರಬಾರದು.

ಬಿದ್ದವರ ನಂಬಿಕೆ ಬಿದ್ದಿದೆಯೇ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಕಷ್ಟ ಬಂದವರ ನಂಬಿಕೆ ಗಟ್ಟಿ ಇರಲಿಲ್ಲ ಅನ್ನುವ ಮಾತು ನಮ್ಮಲ್ಲಿ ಬಹಳ ಸಲೀಸಾಗಿ ಬರುತ್ತದೆ. ಕಾಯಿಲೆ ವಾಸಿಯಾಗಲಿಲ್ಲವೇ? ನಂಬಿಕೆ ಸಾಲದು. ಕೆಲಸ ಹೋಯಿತೇ? ಪ್ರಾರ್ಥನೆ ಸಾಲದು. ಹೇಳುವವರಿಗೆ ಇದರಿಂದ ಒಂದು ಲಾಭವಿದೆ. ನಮಗೆ ಹಾಗಾಗುವುದಿಲ್ಲ ಅನ್ನುವ ಧೈರ್ಯ ಬರುತ್ತದೆ.

ಯೇಸುಸ್ವಾಮಿ ಈ ಮಾತನ್ನು ಒಪ್ಪಲಿಲ್ಲ. ಜೆರುಸಲೇಮಿನಲ್ಲಿ ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಜನ ಸತ್ತಿದ್ದರು. ಆ ಹದಿನೆಂಟು ಜನ ಊರಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇ ಎಂದು ಅವರೇ ಪ್ರಶ್ನೆ ಹಾಕಿ, ಅಲ್ಲ ಅಂತ ಅವರೇ ಉತ್ತರಿಸಿದರು. ಆಮೇಲೆ ಕೇಳುತ್ತಿದ್ದವರ ಕಡೆ ತಿರುಗಿ, ನೀವು ನಿಮ್ಮ ಬದುಕು ತಿದ್ದಿಕೊಳ್ಳಿ ಎಂದರು. ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪ, ಇವನದೋ ಇವನ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗಲೂ ಇಬ್ಬರದೂ ಅಲ್ಲ ಎಂದರು. ಬೆಟ್ಟದ ಉಪದೇಶದಲ್ಲೇ, ತಂದೆಯಾದ ದೇವರು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಸೂರ್ಯನನ್ನು ಬೆಳಗಿಸಿ ಮಳೆ ಸುರಿಸುತ್ತಾರೆ ಎಂದು ಹೇಳಿದ್ದಾರೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಮನೆಗಳು, ತೋಟಗಳು, ರಸ್ತೆಗಳು ಕೊಚ್ಚಿಹೋದವು. ತಲೆಮಾರುಗಳಿಂದ ಪ್ರಾಮಾಣಿಕವಾಗಿ ದುಡಿದು ತಿಂದವರ ಮನೆಗಳೂ ಹೋದವು. ಅವರ ಮುಂದೆ ನಿಂತು ನಂಬಿಕೆಯ ಲೆಕ್ಕ ಕೇಳುವ ಎದೆಗಾರಿಕೆ ಯಾರಿಗಿದೆ? ಯೇಸುಸ್ವಾಮಿಯ ಕತೆಯಲ್ಲಿ ಮನೆ ಅಂದರೆ ಇಟ್ಟಿಗೆಯ ಮನೆಯಲ್ಲ, ಆರೋಗ್ಯವಲ್ಲ, ಆಸ್ತಿಯಲ್ಲ. ಇವೆಲ್ಲ ಹೋದ ಮೇಲೂ ಒಬ್ಬ ಮನುಷ್ಯನಲ್ಲಿ ಉಳಿಯುವುದು ಏನೋ ಅದೇ ಆ ಮನೆ.

ಇದಕ್ಕೆ ಸಾಕ್ಷಿ ಶಿಲುಬೆಯ ಹಾದಿಯಲ್ಲೇ ಇದೆ. ಹದಿನಾಲ್ಕು ಸ್ಥಳಗಳಲ್ಲಿ ಮೂರನೆಯದು, ಏಳನೆಯದು, ಒಂಬತ್ತನೆಯದು ಯಾವುವು? ಯೇಸುಸ್ವಾಮಿ ನೆಲಕ್ಕೆ ಬಿದ್ದ ಸ್ಥಳಗಳು. ತಂದೆಯ ಮೇಲೆ ಅವರಿಗಿದ್ದ ನಂಬಿಕೆ ಗಟ್ಟಿ ಇರಲಿಲ್ಲ ಅಂತ ಹೇಳುವವರುಂಟೇ? ಹಾಗಾದರೆ ಬಿದ್ದವರನ್ನು ಕಂಡಾಗ ನಾವು ನಾಲಿಗೆ ಬಿಗಿಹಿಡಿಯಬೇಕು. ವೆರೋನಿಕಳಂತೆ ಒಂದು ಬಟ್ಟೆ ಹಿಡಿದು ಹೋಗಬೇಕು, ಸಿಮೋನನಂತೆ ಹೆಗಲು ಕೊಡಬೇಕು.

ಬಂಡೆ ಅನ್ನಿಸಿಕೊಂಡವನು ನಡುಗಿದ

ಇನ್ನೊಂದು ಭಯ ನಮ್ಮಲ್ಲಿರುತ್ತದೆ. ನನ್ನ ನಂಬಿಕೆ ದಿನಕ್ಕೊಂದು ಥರ ಇರುತ್ತದೆ, ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುವುದಿಲ್ಲ, ನಾನು ಬಂಡೆ ಹೇಗಾದೇನು? ಈ ಭಯ ಇರುವವರು ಸಂತ ಪೇತ್ರನನ್ನು ನೋಡಬೇಕು. ಅವನ ಮೊದಲ ಹೆಸರು ಸಿಮೋನ. ಯೇಸುಸ್ವಾಮಿ ಅವನಿಗೆ ತಮ್ಮ ಅರಮಾಯ ಭಾಷೆಯಲ್ಲಿ ಕೇಫ, ಅಂದರೆ ಬಂಡೆ ಎಂದು ಹೆಸರಿಟ್ಟರು. ಆ ಬಂಡೆ ಒಂದು ರಾತ್ರಿ ಬೆಂಕಿ ಕಾಯಿಸಿಕೊಳ್ಳುತ್ತಾ, ಒಬ್ಬ ಸೇವಕಿಯ ಮಾತಿಗೆ ಹೆದರಿ, ಆ ಮನುಷ್ಯ ನನಗೆ ಗೊತ್ತೇ ಇಲ್ಲ ಅಂದುಬಿಟ್ಟಿತು. ಅದೂ ಮೂರು ಸಲ! ಆಮೇಲೆ ಸರೋವರದ ದಡದಲ್ಲಿ, ಕೆಂಡದ ಪಕ್ಕದಲ್ಲಿ, ಪುನರುತ್ಥಾನರಾದ ಪ್ರಭು ಅವನಿಗೆ ಮೀನು ರೊಟ್ಟಿ ಕೊಟ್ಟು ಮೂರು ಸಲ ಕೇಳಿದರು, ನನ್ನ ಮೇಲೆ ಪ್ರೀತಿ ಇದೆಯೇ ಎಂದು. ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಕುರಿಗಳನ್ನು ಮೇಯಿಸು ಅಂತ ಕೆಲಸ ಕೊಟ್ಟರು. ಪೇತ್ರನ ಗಟ್ಟಿತನ ಪೇತ್ರನದ್ದಲ್ಲ, ಅವನನ್ನು ಹಿಡಿದವರದ್ದು. ನಿಜವಾದ ಅಡಿಪಾಯ ಕ್ರಿಸ್ತರೊಬ್ಬರೇ ಎಂದು ಸಂತ ಪೌಲನೂ ಕೊರಿಂಥದವರಿಗೆ ಬರೆದಿದ್ದಾನೆ.

ನಮ್ಮ ಕಾಲದ ಸಂತ ಮದರ್ ತೆರೇಸಾ ಅವರನ್ನೂ ನೆನೆಯೋಣ. 1950ರಲ್ಲಿ ಕಲ್ಕತ್ತೆಯಲ್ಲಿ ಅವರ ಸಂಸ್ಥೆ ಆರಂಭವಾಯಿತು. 1997ರಲ್ಲಿ ಅವರು ತೀರಿಕೊಂಡರು. 2007ರಲ್ಲಿ ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದಾಗ ಲೋಕ ಬೆರಗಾಯಿತು. ದೇವರು ಹತ್ತಿರವಿದ್ದಾರೆ ಅನ್ನುವ ಅನುಭವವೇ ಇಲ್ಲದೆ, ಒಳಗೆ ಕತ್ತಲನ್ನು ಹೊತ್ತುಕೊಂಡು ಅವರು ದಶಕಗಳನ್ನು ಕಳೆದಿದ್ದರು. ಆದರೂ ಬೆಳಿಗ್ಗೆ ಎದ್ದು ಪ್ರಾರ್ಥಿಸಿದರು, ಬೀದಿಯಲ್ಲಿ ಬಿದ್ದವರನ್ನು ಎತ್ತಿಕೊಂಡರು, ಗಾಯ ತೊಳೆದರು. 2016ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ನಂಬಿಕೆ ಅಂದರೆ ಮೈ ಜುಮ್ಮೆನ್ನುವ ಅನುಭವ ಅಂತ ತಿಳಿದವರಿಗೆ ಇದು ಅರ್ಥವಾಗುವುದಿಲ್ಲ. ಪಾಯ ಯಾವಾಗಲೂ ಕತ್ತಲಲ್ಲೇ ಇರುತ್ತದೆ. ಮನೆ ನಿಂತಿದೆಯೋ ಇಲ್ಲವೋ ನೋಡಿ, ಅಷ್ಟು ಸಾಕು.

ಶೆಟ್ಟಿಹಳ್ಳಿಯ ಗೋಡೆಗಳು

ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ದೇವಾಲಯವನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿರಬಹುದು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಹೇಮಾವತಿಯ ತೀರದಲ್ಲಿ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಹಿನ್ನೀರು ಬಂತು. ಜನ ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋಗಬೇಕಾಯಿತು. ಅಂದಿನಿಂದ ಮಳೆ ಚೆನ್ನಾಗಿ ಆದ ವರ್ಷ ದೇವಾಲಯ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೇಳುತ್ತದೆ. ಚಾವಣಿ ಇಲ್ಲ, ಗಂಟೆ ಇಲ್ಲ. ವರ್ಷ ವರ್ಷಕ್ಕೆ ಗೋಡೆಗಳು ಶಿಥಿಲವಾಗುತ್ತಿವೆ. ಬೆಲ್ಲ, ಮೊಟ್ಟೆ ಬೆರೆಸಿದ ಗಾರೆ, ಅದಕ್ಕೇ ಇಷ್ಟು ಕಾಲ ನಿಂತಿದೆ ಅಂತ ಸುತ್ತಲಿನ ಜನ ಹೇಳುತ್ತಾರೆ. ಆದರೆ ನೀರಿನ ಮುಂದೆ ಗಾರೆಗೂ ಒಂದು ದಿನ ಕೊನೆಯಿದೆ.

ಹಾಗಾದರೆ ಅದನ್ನು ಕಟ್ಟಿದವರು ಮರಳಿನ ಮೇಲೆ ಕಟ್ಟಿದರೇ? ಇಲ್ಲ. ಅಲ್ಲಿ ಜ್ಞಾನಸ್ನಾನ ಪಡೆದವರು, ಮದುವೆಯಾದವರು, ತಂದೆತಾಯಿಗಳನ್ನು ಮಣ್ಣು ಮಾಡಿದವರು ತಮ್ಮ ಜಪಸರವನ್ನು ಜೊತೆಯಲ್ಲೇ ತೆಗೆದುಕೊಂಡು ಹೋದರು. ಅಣೆಕಟ್ಟಿನ ನೀರು ಕಟ್ಟಡವನ್ನು ಮುಳುಗಿಸಿತು. ಆ ಅಜ್ಜಿಯರು ಮೊಮ್ಮಕ್ಕಳಿಗೆ ಕಲಿಸಿದ ಪ್ರಾರ್ಥನೆಯನ್ನು ಮುಳುಗಿಸಲು ಯಾವ ಹಿನ್ನೀರಿಗೂ ಆಗಲಿಲ್ಲ.

ಆ ತಾಯಿ ಹೋಗುವಾಗ

ಮೊದಲು ಹೇಳಿದ ತಾಯಿಯ ಬಗ್ಗೆ ಒಂದು ಮಾತು ಉಳಿದಿದೆ. ನನ್ನ ಒಣ ಸಮಾಧಾನ ಕೇಳಿದ ಮೇಲೆ ಅವರು ಕಣ್ಣೊರೆಸಿಕೊಂಡು ಕ್ಯಾರಿಯರ್ ಎತ್ತಿಕೊಂಡರು. "ಬರ್ತೀನಿ ಸ್ವಾಮಿ, ಬಸ್ಸಿಗೆ ಹೊತ್ತಾಯ್ತು" ಅಂದರು. ಇಷ್ಟು ಅವಸರ ಯಾಕಮ್ಮ, ಊಟ ಮಾಡ್ಕೊಂಡು ಹೋಗಿ ಅಂದೆ. "ಇಲ್ಲ ಸ್ವಾಮಿ. ಆಸ್ಪತ್ರೇಲಿ ನನ್ ಮಗನ ಪಕ್ಕದ ಮಂಚದಲ್ಲಿ ಒಬ್ಬ ಹುಡುಗ ಇದಾನೆ. ಅವನಿಗೆ ಯಾರೂ ಇಲ್ಲ. ನನ್ ಮಗನಿಗೆ ತಗೊಂಡು ಹೋಗ್ತಿದ್ದಾಗ ಅವನಿಗೂ ಎರಡು ಮುದ್ದೆ ತಗೊಂಡು ಹೋಗ್ತಿದ್ದೆ. ಈಗ ನಿಲ್ಲಿಸಿದ್ರೆ ಹೆಂಗೆ? ಸಾಯಂಕಾಲ ದಾರಿ ನೋಡ್ತಾನೆ" ಅಂದು ಮೆಟ್ಟಿಲು ಇಳಿದು ಹೋದರು.

ನಾನು ಅಲ್ಲೇ ನಿಂತುಬಿಟ್ಟೆ. ತನ್ನ ನಂಬಿಕೆ ಕಮ್ಮಿಯೇ ಎಂದು ಕೇಳಲು ಬಂದವರು, ಮಗನನ್ನು ಕಳೆದುಕೊಂಡ ದುಃಖದಲ್ಲೂ ಇನ್ನೊಬ್ಬ ತಾಯಿಯ ಮಗನಿಗೆ ಅನ್ನ ಹೊತ್ತುಕೊಂಡು ಹೋಗುತ್ತಿದ್ದರು. ಮಳೆ ಬಂದಿತ್ತು, ಹೊಳೆ ಉಕ್ಕಿತ್ತು, ಗಾಳಿ ಬೀಸಿತ್ತು. ಒಳಗಿನ ಮನೆ ನಿಂತಿತ್ತು. ನಿಂತಿದೆ ಅಂತ ಅವರಿಗೇ ಗೊತ್ತಿರಲಿಲ್ಲ.

ಅಮ್ಮಾ, ಈ ಪುಸ್ತಕ ಎಂದಾದರೂ ನಿಮ್ಮ ಕೈಗೆ ಸಿಕ್ಕರೆ ಕೇಳಿ. ಇಲ್ಲ, ನಿಮ್ಮ ನಂಬಿಕೆ ಕಮ್ಮಿ ಇರಲಿಲ್ಲ. ನಿಮ್ಮ ಮಗ ಯಾಕೆ ಹೋದ ಅನ್ನುವುದಕ್ಕೆ ನನ್ನಲ್ಲಿ ಇಂದೂ ಉತ್ತರವಿಲ್ಲ. ಆದರೆ ನೀವು ಯಾವುದರ ಮೇಲೆ ನಿಂತಿದ್ದಿರಿ ಅನ್ನುವುದನ್ನು ನಾನು ಕಣ್ಣಾರೆ ನೋಡಿದೆ.

ಪ್ರಿಯ ಯಾತ್ರಿಕರೇ, ಇನ್ನು ನೀವು ಬೆಟ್ಟ ಇಳಿಯುತ್ತೀರಿ. ಇಳಿಯುವಾಗ ಒಂದೇ ಒಂದು ಕಲ್ಲನ್ನು ಆರಿಸಿಕೊಳ್ಳಿ. ಮಾತು ಬಿಟ್ಟ ಒಬ್ಬರಿಗೆ ಫೋನ್ ಮಾಡುವುದಿರಬಹುದು. ಕೂಲಿಯವರಿಗೆ ಬಾಕಿ ಇಟ್ಟ ಹಣ ಕೊಡುವುದಿರಬಹುದು. ಮನೆಯಲ್ಲಿ ಮೂಲೆ ಹಿಡಿದಿರುವ ವಯಸ್ಸಾದವರ ಪಕ್ಕದಲ್ಲಿ ಅರ್ಧ ಗಂಟೆ ಕೂರುವುದಿರಬಹುದು. ಯಾರಿಗೂ ಹೇಳಬೇಡಿ. ಪಾಯ ಮಣ್ಣೊಳಗೇ ಇರಲಿ. ಮುಂದಿನ ವರ್ಷ ಬರುವಾಗ ಅದರ ಪಕ್ಕಕ್ಕೆ ಇನ್ನೊಂದು ಕಲ್ಲು ಸೇರಿರಲಿ.

ಪ್ರಾರ್ಥಿಸೋಣ

ಪ್ರಭುವೇ, ನಿಮ್ಮ ಮಾತನ್ನು ಬಹಳ ಸಲ ಕೇಳಿದ್ದೇವೆ. ಕೇಳಿದಂತೆ ನಡೆಯಲು ನಮಗೆ ಕಲಿಸಿ. ಮಳೆ ಬರದಿರಲಿ ಎಂದು ಬೇಡುವ ನಮ್ಮ ಮಕ್ಕಳಾಟವನ್ನು ಕ್ಷಮಿಸಿ. ಮಳೆ ಬಂದ ದಿನ ನಮ್ಮ ಕೈ ಬಿಡಬೇಡಿ. ನಾವು ಬಿದ್ದಾಗ ಎತ್ತಿ, ಬಿದ್ದವರನ್ನು ಕಂಡಾಗ ನಮ್ಮ ಬಾಯಿಗೆ ಬೀಗ ಹಾಕಿ, ಕೈಗೆ ಕೆಲಸ ಕೊಡಿ. ಮಾತೆ ಮರಿಯಮ್ಮ, ಶಿಲುಬೆಯ ಬುಡದಲ್ಲಿ ಕದಲದೆ ನಿಂತ ತಾಯಿಯೇ, ನಮ್ಮ ಮನೆಗಳ ಜೊತೆಯಲ್ಲಿ ಬನ್ನಿ. ಆಮೆನ್.